ರಸ್ತೆ ದಾಟುವ ವಿದ್ಯೆ

ರಸ್ತೆ ದಾಟುವುದನ್ನು ಯಾರ ಹತ್ತಿರವೂ ಕಲಿಯಬೇಕಿಲ್ಲ ಎಂದು ಅರವತ್ತೆಂಟು ವರ್ಷ ನಂಬಿಕೊಂಡಿದ್ದವಳು ನಾನು. ಎರಡು ಕಾಲು, ಎರಡು ಕಣ್ಣು, ಸ್ವಲ್ಪ ಧೈರ್ಯ. ಮುಗಿಯಿತು.

ಆದರೆ ಲಾಸ್ ಏಂಜಲೀಸಿನ ಪೋರ್ಟರ್ ರ್ಯಾಂಚ್‌ನಲ್ಲಿರುವ ಮಗಳು ಸುಮಾಳ ಮನೆಗೆ ಬಂದು ಮೂರು ವರ್ಷವಾದರೂ ನಾನು ಒಂದು ರಸ್ತೆಯನ್ನೂ ದಾಟಿರಲಿಲ್ಲ. ಗ್ಯಾರೇಜಿನಲ್ಲಿ ಕಾರು ಹತ್ತುವುದು, ಅಂಗಡಿ ಬಾಗಿಲಲ್ಲಿ ಇಳಿಯುವುದು. ಮನೆಯಿರುವ ಗುಡ್ಡದ ಕೆಳಗೇ, ದೊಡ್ಡ ರಸ್ತೆಯಾಚೆ ತರಕಾರಿ ಅಂಗಡಿ. ನಾನೇ ಹೋಗಿ ಕೊತ್ತಂಬರಿ ಸೊಪ್ಪು ತರುತ್ತೇನೆಂದರೆ, "ಆರು ಲೇನ್ ಇದೆ ಅಮ್ಮ, ನಿನ್ನ ಕೈಲಿ ಆಗಲ್ಲ" ಎನ್ನುತ್ತಿದ್ದಳು. ಒಂದು ಕಟ್ಟು ಸೊಪ್ಪಿಗೂ ಮಗಳನ್ನು ಬೇಡಿಕೊಳ್ಳುವ ಬಾಳು ನನಗೆ ಸಾಕಾಗಿತ್ತು.

ಹೋದ ವರ್ಷ ಅವಳಿಗೆ ಆಫೀಸಿನ ಕೆಲಸಕ್ಕೆ ಜರ್ಮನಿಯ ಮ್ಯೂನಿಕ್‌ಗೆ ಹೋಗಬೇಕಾಯಿತು. ರಜೆ ಸೇರಿಸಿಕೊಂಡು, ನನ್ನನ್ನೂ ಮೊಮ್ಮಗಳು ನಿಧಿಯನ್ನೂ ಏಷ್ಯಾ ಸುತ್ತಿಸಿಕೊಂಡು ಹೊರಟಳು.

ಮೊದಲು ವಿಯೆಟ್ನಾಮಿನ ಹನೋಯ್. ಅಬ್ಬಾ, ಅಷ್ಟು ಸ್ಕೂಟರ್‌ಗಳನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ! ಸೂಜಿ ತೂರುವಷ್ಟೂ ಸಂದಿಲ್ಲ. ಕಾಲು ಗಂಟೆ ಫುಟ್‌ಪಾತಿನಲ್ಲೇ ನಿಂತೆವು. ಅಷ್ಟರಲ್ಲಿ ಹೆಗಲ ಮೇಲೆ ಬುಟ್ಟಿ ಹೊತ್ತ ಹೆಂಗಸೊಬ್ಬಳು ನಿಧಾನವಾಗಿ ನಡೆದೇ ಬಿಟ್ಟಳು. ಕೈ ಎತ್ತಿ ನಾನೂ ಹಿಂದೆಯೇ ನಡೆದೆ. ಸ್ಕೂಟರ್‌ಗಳ ಹೊಳೆ ನನ್ನ ಸೀರೆಗೂ ತಾಗದೆ ಎರಡು ಪಾಲಾಯಿತು. ಓಡಬಾರದು, ನಿಲ್ಲಬಾರದು, ಅಷ್ಟೇ ಗುಟ್ಟು. ತಿರುಗಿ ನೋಡಿದರೆ ಸುಮಾ, ನಿಧಿ ಆಚೆಯೇ ನಿಂತಿದ್ದರು. ಹೋಗಿ ಇಬ್ಬರನ್ನೂ ಕೈ ಹಿಡಿದು ಕರೆತಂದೆ.

ಬ್ಯಾಂಕಾಕಿನಲ್ಲೂ ನನ್ನದೇ ನಾಯಕತ್ವ. ಅಲ್ಲಿಯೇ ಷರತ್ತು ಹಾಕಿದೆ: ಮ್ಯೂನಿಕ್‌ನಲ್ಲಿ ಒಬ್ಬಳೇ ಹೋಗಿ ಬ್ರೆಡ್ಡು ತಂದರೆ, ಊರಿಗೆ ಮರಳಿದ ಮೇಲೆ ಕೊತ್ತಂಬರಿ ಸೊಪ್ಪು ನನ್ನ ಇಲಾಖೆ. ಸುಮಾ ಒಪ್ಪಿದಳು.

ಮ್ಯೂನಿಕ್ ತೊಳೆದಿಟ್ಟ ಪಾತ್ರೆಯಂಥ ಊರು. ಬೀದಿಯ ಮೇಲೆ ಅನ್ನ ಬಡಿಸಿಕೊಂಡು ಉಣ್ಣಬಹುದು. ಟ್ರಾಮು ಬೆಕ್ಕಿನಂತೆ ಸದ್ದಿಲ್ಲದೆ ಬರುತ್ತದೆ. ಬೇಕರಿ ಹೋಟೆಲಿನ ಎದುರಿಗೇ ಇತ್ತು. ಕಣ್ಣು ಹಾಯುವಷ್ಟು ದೂರ ಒಂದು ಕಾರೂ ಇಲ್ಲ. ಆದರೂ ಸಿಗ್ನಲ್ಲಿನ ಹೆಬ್ಬೆರಳುದ್ದದ ಕೆಂಪು ಮನುಷ್ಯನೆದುರು ಹತ್ತು ಹನ್ನೆರಡು ಜನ ಮಂಗಳಾರತಿಗೆ ನಿಂತಂತೆ ನಿಂತಿದ್ದರು. ಪಾಪ, ಇವರಿಗೆ ವಿದ್ಯೆ ಗೊತ್ತಿಲ್ಲ ಎಂದುಕೊಂಡೆ. ಕೈ ಎತ್ತಿ ಇಳಿದೆ.

ಸೈಕಲ್ಲೊಂದು ಬಂತು. ಹನೋಯಿನವರು ಬಳಸಿ ಹೋಗುತ್ತಿದ್ದರು. ಈ ಪುಣ್ಯಾತ್ಮನಿಗೆ ಬಳಸುವುದೇ ಗೊತ್ತಿಲ್ಲ. ಗಾಬರಿಯಾಗಿ ಫುಟ್‌ಪಾತ್ ಹತ್ತಿ ಹೂವಿನ ಕುಂಡವನ್ನು ಅಪ್ಪಿಕೊಂಡ. ಅವನಿಗೆ ಏನೂ ಆಗಲಿಲ್ಲ. ಕುಂಡ ಉಳಿಯಲಿಲ್ಲ.

ಅಷ್ಟರಲ್ಲಿ ಹಸಿರು ಕೋಟಿನ, ನನ್ನದೇ ವಯಸ್ಸಿನ ಮುದುಕಿ ನನ್ನ ಮೊಣಕೈ ಹಿಡಿದು ಹಿಂದಕ್ಕೆಳೆದಳು. ಕೆಂಪು ಮನುಷ್ಯನನ್ನು ತೋರಿಸಿದಳು, ಪಕ್ಕದಲ್ಲಿದ್ದ ಪುಟ್ಟ ಮಗುವನ್ನು ತೋರಿಸಿದಳು, ಆಮೇಲೆ ಬೈದಳು. ಭಾಷೆ ಜರ್ಮನ್ ಆದರೂ ಒಂದು ಮಾತೂ ನನಗೆ ತಪ್ಪಲಿಲ್ಲ: ಮಕ್ಕಳು ನೋಡ್ತಿವೆ, ಈ ವಯಸ್ಸಲ್ಲಿ ನಿನಗೆ ಬುದ್ಧಿ ಬೇಡವೇ? ಕ್ಯಾಲಿಫೋರ್ನಿಯಾದಲ್ಲಿ ಎಲ್ಲರೂ ನನ್ನನ್ನು ನೋಡಿ ನಗುತ್ತಾರೆ, ಯಾರೂ ಬೈಯುವುದಿಲ್ಲ. ಇವಳು ಚೆನ್ನಾಗಿ ಬೈದಳು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಬೈಯುತ್ತಿದ್ದೆ. ಹಸಿರು ಬಂದ ಮೇಲೆ ಮೊಣಕೈ ಬಿಡದೆ ಬೇಕರಿ ಬಾಗಿಲವರೆಗೂ ಮುಟ್ಟಿಸಿದಳು.

ಇದೆಲ್ಲವನ್ನೂ ಸುಮಾ ಹೋಟೆಲಿನ ಕಿಟಕಿಯಿಂದ ನೋಡಿದ್ದಳು. ನಾನು ಬ್ರೆಡ್ಡು ತಂದಿಟ್ಟ ಕೂಡಲೇ ಕೇಳಿದಳು: "ಒಬ್ಬಳೇ ಹೋಗೋದು ಅಂದ್ರೆ ಇದೇನಾ ಅಮ್ಮ?"

ಸಿಗ್ನಲ್ ಬೀಳದೆ ಇನ್ನು ಹೆಜ್ಜೆ ಇಡುವುದಿಲ್ಲ ಎಂದು ಆ ಬ್ರೆಡ್ಡಿನ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಅವಳು ಕರಗಿದಳು.

ಪೋರ್ಟರ್ ರ್ಯಾಂಚ್‌ಗೆ ಮರಳಿದ ಮಾರನೇ ಬೆಳಿಗ್ಗೆ ಚೀಲ ಹಿಡಿದು ಗುಡ್ಡ ಇಳಿದೆ. ಇಲ್ಲಿಯ ಸಿಗ್ನಲ್ಲಿನಲ್ಲಿ ಮನುಷ್ಯನಿಲ್ಲ, ಕೆಂಪು ಅಂಗೈ. ಕಂಬಕ್ಕೆ ಒರಗಿ ನಿಂತೆ. ಕಾರುಗಳು ನಿಂತವು, ಹೋದವು, ಮತ್ತೆ ನಿಂತವು. ಅಂಗೈ ಅಲುಗಲಿಲ್ಲ. ಆರೂ ಲೇನ್ ಖಾಲಿಯಾದವು. ಹಸಿರು ಕೋಟಿನವಳನ್ನು ನೆನೆದು ನಿಂತೇ ಇದ್ದೆ. ಬಿಸಿಲು ಚುರುಗುಟ್ಟತೊಡಗಿತು.

ಒಂದು ಗಂಟೆ ಕಳೆದ ಮೇಲೆ ಸುಮಾ, ನಿಧಿ ಕಾರಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದರು.

"ಇಲ್ಲೇ ಯಾಕಮ್ಮ ನಿಂತಿದ್ದೀಯ?"

"ಕೈ ಇನ್ನೂ ಇಳಿದಿಲ್ಲ ಕಣೇ."

ನಿಧಿ ಇಳಿದು ಬಂದು, ನಾನು ಒರಗಿದ್ದ ಕಂಬದಲ್ಲೇ ಇದ್ದ ಗುಂಡಿಯೊಂದನ್ನು ಒತ್ತಿದಳು. "ಅಜ್ಜಿ, ಯು ಹ್ಯಾವ್ ಟು ಪ್ರೆಸ್ ಇಟ್."

ಸ್ವಲ್ಪ ಹೊತ್ತಿಗೆ ಬಿಳೀ ಮನುಷ್ಯ ಪ್ರತ್ಯಕ್ಷನಾದ. ಆದರೆ ಅಷ್ಟು ಹೊತ್ತು ನಿಂತು ನನ್ನ ಮಂಡಿ ಮಡಚುತ್ತಲೇ ಇರಲಿಲ್ಲ.

ಅಂದಿನ ಸಾರಿಗೆ ಕೊತ್ತಂಬರಿ ಸೊಪ್ಪು ಬಿತ್ತು. ಬಂದದ್ದು ಕಾರಿನಲ್ಲಿ.