ಕೊರಗಪ್ಪನವರು ಕೇಬಲ್ ಎಳೆದದ್ದು

ಎಸಿ ತಂದ ಮೂರನೇ ದಿನಕ್ಕೇ ಕೊರಗಪ್ಪನವರ ಮನೆಯ ಹಳೇ ವಯರು ಸುಟ್ಟುಹೋಯಿತು. ಮುಂಬಯಿ ಕಾಂದಿವಲಿಯ ಆ ಬಿಲ್ಡಿಂಗಿನ ನಾಲ್ಕನೇ ಮಾಳಿಗೆಯಲ್ಲಿ ಫ್ಯಾನಿಲ್ಲ, ಲೈಟಿಲ್ಲ. ಫ್ರಿಜ್ಜಿನಲ್ಲಿ ಎರಡು ಕಿಲೋ ಬಂಗುಡೆ ಮೀನು. ನೆರೆಹೊರೆಯವರೋ ಈರುಳ್ಳಿಯನ್ನೂ ಮುಟ್ಟದ ಮಡಿವಂತರು. ಸಂಜೆಯೊಳಗೆ ಕರೆಂಟು ಬಾರದಿದ್ದರೆ ಬಂಗುಡೆ ತಾನೇ ಮನೆಮನೆಗೆ ಹೋಗಿ ಪರಿಚಯ ಹೇಳಿಕೊಳ್ಳುವುದಿತ್ತು.

ವಿಜಯಪುರದ ಕಡೆಯ ಇಲೆಕ್ಟ್ರಿಶಿಯನ್ ಸರ್ದಾರ ಬೆಳಿಗ್ಗೆಯೇ ಹೆಬ್ಬೆರಳು ಗಾತ್ರದ ಹೊಸ ಕೇಬಲನ್ನು ಕೆಳಗೆ ಮೀಟರ್ ರೂಮಿನ ಬಳಿ ಇಟ್ಟುಹೋಗಿದ್ದ. "ಮಧ್ಯಾಹ್ನ ಇನ್ನೊಬ್ಬನ್ನ ಕರ್ಕೊಂಡು ಬಂದು ಮ್ಯಾಲೆ ಜಗ್ತೀನ್ರಿ. ನೀವು ಮುಟ್ಟಬ್ಯಾಡ್ರಿ."

ಮುಟ್ಟಬೇಡಿ ಎಂದದ್ದೇ ತಪ್ಪಾಯಿತು. ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷ ಮ್ಯಾನೇಜರಾಗಿ ಕೂತಲ್ಲಿಂದಲೇ ಆಜ್ಞೆ ಹೊರಡಿಸಿದ ಮಹಾಪುರುಷರು ಹಗ್ಗ ಹಿಡಿದು ಎದ್ದರು.

"ನನ್ನ ಅಜ್ಜ ಮಲ್ಪೆಯಲ್ಲಿ ದೋಣಿ ಕಟ್ಟುತ್ತಿದ್ದವರು, ಗೊತ್ತುಂಟಾ? ಗಂಟು ನಮ್ಮ ರಕ್ತದಲ್ಲೇ ಉಂಟು."

"ನಿಮ್ಮ ರಕ್ತದಲ್ಲಿ ಇರುವುದು ಶುಗರ್, ಮಾರಾಯ್ರೆ," ಎಂದರು ಹೆಂಡತಿ ನೀಲಾವತಿ. "ತುದಿಗೆ ಒಂದೇ ಗಂಟು ಹಾಕ್ಬೇಡಿ, ಭಾರಕ್ಕೆ ಜಾರ್ತದೆ. ಮಲ್ಲಿಗೆ ಕಟ್ಟಿದ ಹಾಗೆ ಮೊಳದುದ್ದಕ್ಕೂ ಸುತ್ತು ಹಾಕ್ತಾ ಹೋಗಿ."

"ಕೇಬಲ್ ಮುಡಿಯುವುದಕ್ಕಲ್ಲ!"

ಬಾಲ್ಕನಿಯಿಂದ ಹಗ್ಗ ಇಳಿಬಿಟ್ಟರು. ಕೆಳಗೆ ಹೋಗಿ ಕೇಬಲಿನ ತುದಿಗೆ ಒಂದು ಗಂಟು ಬಿಗಿದರು (ಸ್ವೀಟ್ ಬಾಕ್ಸಿಗೆ ದಾರ ಕಟ್ಟುವ ಗಂಟು). ಮೇಲೆ ಬಂದು ಹಗ್ಗದ ಇನ್ನೊಂದು ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡರು. ಕೈ ಜಾರಿದರೂ ಸೊಂಟ ಜಾರುವುದಿಲ್ಲವಲ್ಲ!

ಕೇಬಲು ಮೂರನೇ ಮಾಳಿಗೆಯವರೆಗೆ ಗಂಭೀರವಾಗಿ ಏರಿತು. ಅಲ್ಲಿ ಗಂಟು ಜಾರಿತು. ಕೇಬಲು ಸೊಸೈಟಿ ಸೆಕ್ರೆಟರಿಯ ಸ್ಕೂಟರಿನ ಕನ್ನಡಿಯ ಮೇಲೆ ಬಿತ್ತು. ಕೊರಗಪ್ಪನವರು ಹಿಂದಕ್ಕೆ ಹಾರಿ ಇಡ್ಲಿ ಹಿಟ್ಟಿನ ಪಾತ್ರೆಯ ಮೇಲೆ ಬಿದ್ದರು. ಎದ್ದು ನೋಡಿದರೆ ಸೊಂಟದ ಗಂಟು ಕಲ್ಲಾಗಿದೆ. ಬಿಗಿಯಬೇಕಾದದ್ದು ಬಿಚ್ಚಿತ್ತು, ಬಿಚ್ಚಬೇಕಾದದ್ದು ಬಿಗಿದಿತ್ತು.

ಅಷ್ಟರಲ್ಲಿ ಸರ್ದಾರ ಬಂದ, ಒಬ್ಬನೇ. ಜೊತೆಯವ ಕೈಕೊಟ್ಟಿದ್ದ. ಮೈಯಿಂದ ಹಿಟ್ಟು ಸುರಿಯುತ್ತಿದ್ದ ಯಜಮಾನರನ್ನು ನೋಡಿ ಕೇಳಿದ: "ಹಗ್ಗ ಕೊಯ್ಯಲೇನ್ರಿ?"

"ಕೊಯ್ದರೆ ಉದ್ದ ಸಾಲ್ಲಿಕ್ಕಿಲ್ಲ," ಎಂದ ನೀಲಾವತಿ ತಾವೇ ಕೆಳಗಿಳಿದು, ಕೇಬಲಿಗೆ ಮೊಳದುದ್ದ ಹಗ್ಗ ಸುತ್ತಿ, ಸುತ್ತು ಸುತ್ತಿಗೂ ಬಿಗಿದರು.

ಜೊತೆಗೆ ಇಳಿದಿದ್ದ ಸರ್ದಾರ ಬೆರಗಾದ. "ಅಕ್ಕಾರ, ನಮ್ಮ ಕಟ್ಟೂ ಇದ ನೋಡ್ರಿ! ಯಾರ ಕಡೆ ಕಲ್ತ್ರಿ?"

"ನಮ್ಮ ಊರು ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವಾಗ."

ಇಬ್ಬರೂ ಮೇಲೆ ಬಂದ ಮೇಲೆ ಕೊರಗಪ್ಪನವರು ಸೊಂಟದ ಹಗ್ಗ ಎಳೆಯುತ್ತಾ ಬಾಲ್ಕನಿಯಿಂದ ಅಡುಗೆಮನೆಗೆ ನಡೆದರು. ಸರ್ದಾರ ಹಗ್ಗವನ್ನು ಗ್ರಿಲ್ಲಿಗೆ ತಡೆದು ಹಿಡಿದ. ಅವರು ತಿರುಗಿ ಬಂದಾಗ ಸಡಿಲಾದಷ್ಟನ್ನು ನೀಲಾವತಿ ಅವರ ಸೊಂಟಕ್ಕೇ ಸುತ್ತಿದರು. ಮತ್ತೆ ಅಡುಗೆಮನೆ, ಮತ್ತೆ ಬಾಲ್ಕನಿ. ಕೇಬಲು ಬಂತು, ಕರೆಂಟು ಬಂತು, ಬಂಗುಡೆಯ ಮಾನ ಉಳಿಯಿತು.

ಸರ್ದಾರ ಹೊರಡುವಾಗ ಹೇಳಿದ: "ಅಕ್ಕಾರ, ನಾಳೆ ಕುರ್ಲಾದಾಗ ದೊಡ್ಡ ಕೆಲಸ ಐತ್ರಿ. ಗಂಟು ಹಾಕಾಕ ಬರ್ತೀರೇನು?"

"ಬರ್ತೇನೆ. ಎಳೀಲಿಕ್ಕೆ ಇವರನ್ನೂ ಕರ್ಕೊಂಡು ಬರ್ಲಾ?"

ಎದೆಯವರೆಗೂ ಹಗ್ಗ ಸುತ್ತಿಸಿಕೊಂಡು ನಿಂತಿದ್ದ ಕೊರಗಪ್ಪನವರನ್ನು ಸರ್ದಾರ ಒಮ್ಮೆ ಮೇಲಿಂದ ಕೆಳಗೆ ನೋಡಿದ.

"ಬ್ಯಾಡ್ರಿ ಅಕ್ಕಾರ. ಅಲ್ಲಿ ಮಷೀನ್ ಐತ್ರಿ."