ಕೈಲಾಸ್ ಪುಡಿ ಹಂಚಿದ ದಿನ

ಕೈಲಾಸನ ಕಷ್ಟಕ್ಕೆಲ್ಲ ಕಾರಣವಾದದ್ದು ಒಂದು ಚಿಟಿಕೆ ಬಿಳಿ ಪುಡಿ. ಕಿರುಬೆರಳಿನಷ್ಟಿದ್ದ ಗಾಜಿನ ಸೀಸೆಯ ತಳದಲ್ಲಿ ಅದು ಎಷ್ಟು ಕಡಿಮೆ ಇತ್ತೆಂದರೆ, ನಶ್ಯದ ಅಭ್ಯಾಸ ಇದ್ದವರು ಒಂದೇ ಸಲಕ್ಕೆ ಮುಗಿಸಿಬಿಡುತ್ತಿದ್ದರು. ಮುಂದೆ ಎಂದಾದರೂ ಔಷಧಿ ಆದೀತು ಎಂಬ ಆಸೆಯಿದೆ ಎಂದು ಹೇಳಿ ಕಂಪನಿಯೊಂದು ಅದನ್ನು ಬೊಮ್ಮನಹಳ್ಳಿಯ ಈ ಲ್ಯಾಬಿಗೆ ಪರೀಕ್ಷೆಗೆ ಕಳಿಸಿತ್ತು. ಇರುವುದು ಇಷ್ಟೇ, ಮತ್ತೆ ಕೇಳಬೇಡಿ ಎಂದೂ ತಿಳಿಸಿತ್ತು.

ಲ್ಯಾಬಿನಲ್ಲಿ ಪರೀಕ್ಷೆಗಳಿಗೇನೂ ಬರವಿರಲಿಲ್ಲ. ಪುಡಿ ನೀರಿನಲ್ಲಿ ಕರಗುತ್ತದೆಯೇ, ಹೃದಯದ ಬಡಿತ ಕೆಡಿಸುತ್ತದೆಯೇ, ಲಿವರ್ ಅದನ್ನು ಎಷ್ಟು ಬೇಗ ಒಡೆದು ವ್ಯರ್ಥ ಮಾಡುತ್ತದೆ, ಬೇರೆ ಔಷಧಿಗಳ ಕೆಲಸಕ್ಕೆ ಅಡ್ಡ ಬರುತ್ತದೆಯೇ, ಹೀಗೆ ಒಂದೊಂದು ಪ್ರಶ್ನೆಗೂ ಒಂದೊಂದು ಪರೀಕ್ಷೆ, ಒಂದೊಂದು ಪರೀಕ್ಷೆಗೂ ಒಬ್ಬೊಬ್ಬ ಯಜಮಾನ. ಇರುವ ಪುಡಿಯಲ್ಲಿ ಯಾವ ಯಾವ ಪರೀಕ್ಷೆ ಮಾಡಬೇಕು, ಯಾವುದು ಮೊದಲು, ಯಾವುದು ಆಮೇಲೆ ಎಂದು ಆರಿಸುವುದು ಕೈಲಾಸನ ಕೆಲಸ.

ಆ ಕೆಲಸ ಅವನಿಗೆ ಸಿಕ್ಕಿದ್ದು ಹೋದ ತಿಂಗಳು. ಅದಕ್ಕೂ ಮೊದಲು ವರ್ಷಗಟ್ಟಲೆ ಲ್ಯಾಬಿನ ಮೂಲೆಯ ಬೆಂಚಿನಲ್ಲಿ ನಿಂತು, ಬಂದ ಪುಡಿಯನ್ನೆಲ್ಲ ನೀರಿಗೆ ಹಾಕಿ, ಟ್ಯೂಬು ಅಲ್ಲಾಡಿಸಿ, ಕರಗಿತೇ ಇಲ್ಲವೇ ಎಂದು ಬೆಳಕಿಗೆ ಹಿಡಿದು ನೋಡಿದ್ದೇ ನೋಡಿದ್ದು. ಈಗ ಅವನಿಗೆ ಕಿಟಕಿಯ ಪಕ್ಕ ಒಂದು ಟೇಬಲ್ಲು, ಒಂದು ತಿರುಗುವ ಕುರ್ಚಿ. ಹೆಂಡತಿ ಮೇಘಶ್ರೀ ಬನಶಂಕರಿಯ ತಮ್ಮ ಬೀದಿಗೆಲ್ಲ ಸುದ್ದಿ ಮುಟ್ಟಿಸಿಯಾಗಿತ್ತು. ಮನೆ ಓನರ್ ಬೋರಣ್ಣನವರಂತೂ ತಮ್ಮ ಮಂಡಿನೋವಿಗೆ ಏನಾದರೂ ಇದ್ದರೆ ಆರಿಸಿ ತಾ ಎಂದು ಆಗಲೇ ಹೇಳಿಬಿಟ್ಟಿದ್ದರು.

ಆದರೆ ಕುರ್ಚಿ ಇನ್ನೂ ಖಾಯಂ ಆಗಿರಲಿಲ್ಲ. ಪುಡಿ ಕಳಿಸಿದ ಕಂಪನಿಯ ಡಾಕ್ಟರ್ ಸುಶ್ರುತ ಇವತ್ತು ಸಂಜೆ ಖುದ್ದಾಗಿ ಬರುವವರಿದ್ದರು. ಫಲಿತಾಂಶ ಅವರಿಗೆ ಒಪ್ಪಿಗೆಯಾಗಿ ದೊಡ್ಡ ಕಾಂಟ್ರಾಕ್ಟ್ ಸಿಕ್ಕಿದರೆ ಕೈಲಾಸನ ಜಾಗ ಗಟ್ಟಿ, ಸಿಗದಿದ್ದರೆ ಮತ್ತೆ ಟ್ಯೂಬು ಎಂದು ಬಾಸ್ ರವಿಕುಮಾರ್ ಮುಚ್ಚುಮರೆಯಿಲ್ಲದೆ ಹೇಳಿದ್ದರು.

ನ್ಯಾಯವಾಗಿ ಮೊದಲು ಮಾಡಬೇಕಾದದ್ದು ನೀರಿನ ಪರೀಕ್ಷೆ. ಖರ್ಚಿಲ್ಲ, ಹೆಚ್ಚು ಹೊತ್ತೂ ಹಿಡಿಯುವುದಿಲ್ಲ. ಪುಡಿ ಕರಗದಿದ್ದರೆ ಉಳಿದ ಪರೀಕ್ಷೆಗಳ ಗೊಡವೆಯೇ ಬೇಡ. ಕೈಲಾಸನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಇಷ್ಟು ಹೇಳುತ್ತಿದ್ದ. ಆದರೆ ಆ ಮೂಲೆಯ ಬೆಂಚು ಕಂಡರೇ ಅವನಿಗೆ ಆಗುತ್ತಿರಲಿಲ್ಲ. ಕುರ್ಚಿಗೆ ಬಂದವನು ಮತ್ತೆ ಅಲ್ಲಿ ಹೋಗಿ ನಿಂತರೆ ನೋಡಿದವರು ಏನಂದಾರು? ಅದನ್ನು ಕಡೆಗೆ ಮಾಡಿದರಾಯಿತು ಎಂದುಕೊಂಡ. ಅವನು ಕೆಟ್ಟದ್ದು ಅಲ್ಲೇ.

ಬೆಳಿಗ್ಗೆ ಕುರ್ಚಿಯಲ್ಲಿ ಸರಿಯಾಗಿ ಕೂತಿರಲಿಲ್ಲ, ಹೃದಯದ ಪರೀಕ್ಷೆಯ ದಿನೇಶ್ ಬಂದು ಟೇಬಲ್ಲಿಗೆ ಒರಗಿದ. ಕೆಲಸವಿಲ್ಲದೆ ಕೂತಿರುವ ಯಂತ್ರಗಳನ್ನು, ಅವುಗಳನ್ನು ನಡೆಸುವವರ ಸಮೇತ ಹೈದರಾಬಾದಿನ ಬ್ರಾಂಚಿಗೆ ಸಾಗಿಸುತ್ತೇನೆಂದು ರವಿಕುಮಾರ್ ಮೀಟಿಂಗಿನಲ್ಲಿ ಹೇಳಿದಂದಿನಿಂದ ಎಲ್ಲರಿಗೂ ಪುಡಿಯ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತ್ತು.

“ಒಂದೇ ಒಂದ್ ಚೂರು ಕೊಡು ಮಗಾ,” ಎಂದ ದಿನೇಶ್. “ಮಗಳಿಗೆ ಈಗ್ತಾನೆ ಜೆ.ಪಿ. ನಗರದಲ್ಲಿ ಸ್ಕೂಲ್ ಸೀಟ್ ಸಿಕ್ಕಿದೆ. ಈಗ ಹೈದರಾಬಾದಿಗೆ ಹೋಗು ಅಂದ್ರೆ ನನ್ ಹಾರ್ಟೇ ನಿಂತೋಗತ್ತೆ.”

ಮಗುವಿನ ಮುಖ ನೆನಪಾಗಿ ಕೈಲಾಸ್ ಒಂದು ಚೂರು ಕೊಟ್ಟ.

ದಿನೇಶ್ ಅತ್ತ ಹೋದದ್ದೇ ತಡ, ಲಿವರ್ ಪರೀಕ್ಷೆಯ ಉಮಾಮಹೇಶ್ವರಿ ಮೇಡಂ ಡಬ್ಬಿ ಹಿಡಿದು ಬಂದರು. ಡಬ್ಬಿಯಲ್ಲಿ ಶೇಂಗಾ ಹೋಳಿಗೆ. ಊರಿನ ಸುದ್ದಿ, ಮೊಣಕೈ ನೋವು, ಸೊಸೆಯ ಹೊಸ ಸ್ಕೂಟರ್ ಎಲ್ಲ ಮಾತಾಡಿದರು, ಪುಡಿಯ ಸುದ್ದಿಯನ್ನೇ ಎತ್ತಲಿಲ್ಲ. ಕೈಲಾಸ್ ಎರಡನೇ ಹೋಳಿಗೆಯನ್ನು ಬಾಯಿಗಿಟ್ಟುಕೊಂಡ ಮೇಲೆ ಮೆಲ್ಲಗೆ ತಮ್ಮ ಸೀಸೆಯನ್ನು ಮುಂದಿಟ್ಟು, ಒಂಚೂರು ಹಾಕಪ್ಪಾ ಎಂದರು. ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು ಆಗುವುದಿಲ್ಲ ಎನ್ನುವುದು ಎಂಥವರಿಗೂ ಕಷ್ಟ. ಅವರ ಪಾಲೂ ಹೋಯಿತು.

ಮೂರನೆಯವನು ರೇವಂತ್. ಪುಡಿ ಬೇರೆ ಔಷಧಿಗಳಿಗೆ ಅಡ್ಡ ಬರುತ್ತದೆಯೇ ಎಂದು ನೋಡುವುದು ಇವನ ಕೆಲಸ. ಸುಮ್ಮನೆ ಬಣ್ಣ ನೋಡಿ ಕೊಡುತ್ತೇನೆ ಎಂದು ಸೀಸೆ ಇಸಿದುಕೊಂಡು ಮುಚ್ಚಳ ತೆಗೆದ. ನೆಗಡಿಯಾಗಿತ್ತು ಪಾಪ, ಸೀಸೆಯ ಮೇಲೆಯೇ ಸೀನಿದ. ಉಳಿದಿದ್ದ ಪುಡಿಯೆಲ್ಲ ಟೇಬಲ್ಲಿನ ಮೇಲೆ ಹಾರಿತು. ಕೈಲಾಸ್ ಫ್ಯಾನ್ ಆರಿಸಲು ಓಡಿ, ಅವಸರದಲ್ಲಿ ಪಕ್ಕದ ಸ್ವಿಚ್ ಒತ್ತಿ ಎಲ್ಲರ ಕಂಪ್ಯೂಟರ್ ಆಫ್ ಮಾಡಿದ. ಚೆಲ್ಲಿದ ಪುಡಿ ಇನ್ನು ನಿನಗೇಕೆ, ನಾನೇ ತಗೊಂಡು ಹೋಗುತ್ತೇನೆ ಎಂದು ರೇವಂತ್ ಔದಾರ್ಯ ತೋರಿಸಿ, ಹಾಳೆಯಿಂದ ಗುಡಿಸಿಕೊಂಡು ಹೋದ. ಸೀಸೆಯಲ್ಲಿ ಉಳಿದದ್ದು ಗಾಜಿಗೆ ಅಂಟಿದ ಬಿಳಿ ಮಾತ್ರ.

ಅದೃಷ್ಟಕ್ಕೆ ಸುಶ್ರುತ ಅವರ ಕಾರು ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಅವರು ಅಲ್ಲೇ ಕೂತು ಒಂದೇ ಮೇಲ್ಸೇತುವೆಯನ್ನು ನೋಡುತ್ತಿರುವಾಗ ಇಲ್ಲಿ ಫಲಿತಾಂಶಗಳು ಬಂದವು. ಹೃದಯಕ್ಕೆ ಏನೇನೂ ತೊಂದರೆಯಿಲ್ಲ. ಲಿವರ್ ಅದರ ಒಂದು ಕಣವನ್ನೂ ಒಡೆದಿಲ್ಲ. ಬೇರೆ ಔಷಧಿಗಳ ತಂಟೆಗೂ ಹೋಗಿಲ್ಲ. ರವಿಕುಮಾರ್‌ಗೆ ನೆಲ ಕಾಣಲಿಲ್ಲ. ಇಂಥ ಬಂಗಾರದಂಥ ಪುಡಿಯನ್ನು ತಮ್ಮ ಸರ್ವೀಸಿನಲ್ಲೇ ನೋಡಿಲ್ಲವೆಂದು ಜಯನಗರದಿಂದ ಹೂಗುಚ್ಛ ತರಿಸಿದರು. ಕೈಲಾಸ್ ಕುರ್ಚಿಯಲ್ಲಿ ಕೂತು ಯಾರಿಗೂ ಕಾಣದ ಹಾಗೆ ಒಂದು ಸುತ್ತು ತಿರುಗಿದ.

ಎರಡನೇ ಸುತ್ತು ತಿರುಗುವಾಗ ಅವನಿಗೆ ಅನುಮಾನ ಬಂತು. ಯಾರ ತಂಟೆಗೂ ಹೋಗದ, ಯಾರಿಂದಲೂ ಏನೂ ಮಾಡಿಸಿಕೊಳ್ಳದ ಇಂಥ ಪುಡಿ ಇರಲು ಸಾಧ್ಯವೇ? ಅಡುಗೆ ಉಪ್ಪೂ ಇಷ್ಟು ಸಾಧುವಲ್ಲ.

ಅಕ್ಕಪಕ್ಕ ನೋಡಿ ಮೂಲೆಯ ಬೆಂಚಿಗೆ ಹೋದ. ಪುಡಿ ಕರಗಿಸುವುದಕ್ಕೆಂದೇ ಇಟ್ಟಿರುವ ದ್ರಾವಕದ ಒಂದು ಹನಿಯಿಂದ ಸೀಸೆಯನ್ನು ತೊಳೆದ. ಪುಡಿ ಅದರಲ್ಲಿ ಚೆನ್ನಾಗಿಯೇ ಕರಗಿತು. ಆ ಹನಿಯನ್ನು ಟ್ಯೂಬಿನ ನೀರಿಗೆ ಬಿಟ್ಟ. ನೀರು ಹಾಲಿನಂತಾಯಿತು. ಆಮೇಲೆ ಬಿಳಿಯೆಲ್ಲ ಮೆಲ್ಲಗೆ ಇಳಿದು, ಸೀಮೆಸುಣ್ಣದ ಪುಡಿಯಂತೆ ತಳದಲ್ಲಿ ಕೂತಿತು. ಎಷ್ಟು ಅಲ್ಲಾಡಿಸಿದರೂ ಅಷ್ಟೇ.

ಮೂರೂ ಪರೀಕ್ಷೆ ನಡೆದದ್ದು ನೀರಿನಲ್ಲೇ. ಪುಡಿ ಅಲ್ಲೆಲ್ಲ ಯಾರ ಕಣ್ಣಿಗೂ ಬೀಳದೆ ತಳ ಹಿಡಿದು ಕೂತಿತ್ತು, ಹೃದಯದ ಕೋಶಗಳನ್ನೂ ಮುಟ್ಟಿರಲಿಲ್ಲ, ಲಿವರಿನ ಕೈಗೂ ಸಿಕ್ಕಿರಲಿಲ್ಲ. ಪರೀಕ್ಷೆಗೇ ಬಾರದ ಹುಡುಗನ ಉತ್ತರದಲ್ಲಿ ಒಂದೂ ತಪ್ಪಿಲ್ಲವೆಂದು ಮೂವರು ಮೇಷ್ಟ್ರುಗಳು ಬೆನ್ನು ತಟ್ಟಿದ ಹಾಗಾಗಿತ್ತು.

ಟ್ಯೂಬನ್ನು ರವಿಕುಮಾರ್‌ಗೆ ತೋರಿಸಿದ. ಅವರು ಮೊದಲು ಬಾಗಿಲು ಹಾಕಿದರು, ಆಮೇಲೆ ಬೆವರು ಒರೆಸಿಕೊಂಡರು.

“ಅವರು ಇದನ್ನ ಕೇಳೇ ಇಲ್ಲ ಕೈಲಾಸ್. ಕೇಳದೇ ಇರೋದನ್ನ ನಾವಾಗಿ ಯಾಕೆ ಹೇಳ್ಬೇಕು? ನಿಮ್ ಕುರ್ಚಿ ಬೇಕೋ ಬೇಡ್ವೋ?”

ಕುರ್ಚಿ ಬೇಕಿತ್ತು. ತುಂಬಾ ಬೇಕಿತ್ತು. ಟ್ಯೂಬನ್ನು ಜೇಬಿಗಿಟ್ಟುಕೊಂಡು ಹೊರಗೆ ಬಂದ.

ಸುಶ್ರುತ ಬಂದಾಗ ಕತ್ತಲಾಗುತ್ತಿತ್ತು. ರವಿಕುಮಾರ್ ಎಲ್ಲರನ್ನೂ ಸೇರಿಸಿ, ಹೂಗುಚ್ಛ ಕೊಟ್ಟು, ಫಲಿತಾಂಶಗಳನ್ನು ಹೊಸ ಅಳಿಯನ ಗುಣಗಾನ ಮಾಡುವಂತೆ ಹೇಳಿದರು. ಸುಶ್ರುತ ಎಲ್ಲ ಕೇಳಿ, ಇನ್ನೇನಾದರೂ ಇದೆಯೇ ಎಂದು ಕೈಲಾಸನ ಕಡೆ ನೋಡಿದರು. ಇಲ್ಲ ಎನ್ನಲು ಅವನು ಬಾಯಿ ತೆರೆದ. ಈ ಸುಳ್ಳನ್ನು ನಂಬಿಕೊಂಡು ಎಷ್ಟು ಜನ ಎಷ್ಟು ವರ್ಷ ದುಡಿಯುತ್ತಾರೋ ಎನ್ನಿಸಿ ಅವನಿಗೆ ನಾಚಿಕೆಯಾಯಿತು. ಕೈ ತಾನಾಗಿ ಜೇಬಿಗೆ ಹೋಯಿತು.

“ಇದು ನೀರಲ್ಲಿ ಕರಗಲ್ಲ ಸಾರ್. ಈಗ ಹೇಳಿದ ಮೂರೂ ರಿಸಲ್ಟ್ ನಂಬೋ ಹಾಗಿಲ್ಲ. ಇದನ್ನ ಮೊದ್ಲೇ ನೋಡ್ಬೇಕಿತ್ತು, ನಾನು ನೋಡ್ಲಿಲ್ಲ. ತಪ್ಪು ನಂದು.”

ದಿನೇಶ್ ಸೂರು ನೋಡಿದ. ಉಮಾಮಹೇಶ್ವರಿ ಮೇಡಂ ಕಣ್ಣು ಮುಚ್ಚಿದರು. ರವಿಕುಮಾರ್ ಮುಖ ಇಂಗು ತಿಂದ ಮಂಗನಂತಾಯಿತು.

ಸುಶ್ರುತ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ, ನಕ್ಕುಬಿಟ್ಟರು. “ಕರಗಲ್ಲ ಅಂತ ನಮಗೆ ಗೊತ್ತು. ಗೊತ್ತಿದ್ದೇ ಕಳಿಸಿದ್ದು.” ಇದೇ ಪುಡಿಯನ್ನು ಬೇರೆ ಲ್ಯಾಬುಗಳಿಗೂ ಕಳಿಸಿದ್ದರಂತೆ. ಎಲ್ಲರೂ ಬಂಗಾರ ಎಂದೇ ವರದಿ ಕೊಟ್ಟಿದ್ದರಂತೆ. ನಿಜ ಹೇಳಿದ್ದು ಇದೊಂದೇ ಲ್ಯಾಬು, ಕಾಂಟ್ರಾಕ್ಟ್ ನಿಮಗೇ ಎಂದರು.

ಲ್ಯಾಬಿನಲ್ಲಿ ಹಬ್ಬವಾಯಿತು. ದಿನೇಶ್ ಕೈಲಾಸನನ್ನು ಎತ್ತಿ ಕುಣಿಸಿದ. ಕೈಲಾಸನ ಕಣ್ಣು ತುಂಬಿ ಬಂತು. ಸುಶ್ರುತ ಹೊರಡುವ ಮುಂಚೆ ಒಂದೇ ಒಂದು ಷರತ್ತು ಹಾಕಿದರು. ತಾವು ಕಳಿಸುವ ಪ್ರತಿಯೊಂದು ಪುಡಿಯೂ ಮೊದಲು ನೀರಿಗೆ ಬೀಳಬೇಕು, ಕರಗಿದರೆ ಲಿವರಿಗೆ, ಅಲ್ಲಿಂದ ಹೃದಯಕ್ಕೆ, ಆಮೇಲೆ ಉಳಿದದ್ದಕ್ಕೆ. ಈ ಕ್ರಮ ಶಾಶ್ವತ, ಯಾರೂ ಬದಲಾಯಿಸುವಂತಿಲ್ಲ. ಅವರ ಮಾತು ಮುಗಿಯುವ ಮೊದಲೇ ರವಿಕುಮಾರ್ ಒಪ್ಪಿ ಕೈಕುಲುಕಿದರು.

ಕಾರು ಗೇಟು ದಾಟಿದ ಮೇಲೆ ರವಿಕುಮಾರ್ ಕೈಲಾಸನ ಹೆಗಲ ಮೇಲೆ ಕೈ ಹಾಕಿದರು. “ಲ್ಯಾಬಿನ ಮಾನ ಉಳಿಸಿದ್ರಿ. ಆದ್ರೆ ಯಾವ್ದು ಮೊದ್ಲು, ಯಾವ್ದು ಆಮೇಲೆ ಅಂತ ಅವ್ರೇ ಹೇಳ್ಬಿಟ್ರಲ್ಲ. ಇನ್ನು ಆರಿಸೋಕೆ ಏನಿದೆ ಹೇಳಿ?”

ಅವರ ದನಿಯಲ್ಲಿ ನಿಜವಾದ ವ್ಯಥೆಯಿತ್ತು. ಇನ್ನು ಮೇಲೆ ನೂರಾರು ಪುಡಿ ಬರುತ್ತವೆ, ಎಲ್ಲವೂ ಮೊದಲು ನೀರಿಗೇ. ಟ್ಯೂಬು ಹಿಡಿಯಲು ನಂಬಿಕಸ್ಥರೇ ಬೇಕು, ನಿಜ ಹೇಳಿದ ಆ ಮನುಷ್ಯನನ್ನೇ ನಿಲ್ಲಿಸಿ ಎಂದು ಸುಶ್ರುತ ಕೂಡ ಹೇಳಿ ಹೋಗಿದ್ದಾರೆ. ನಾಳೆಯಿಂದಲೇ ಶುರು ಮಾಡಿಬಿಡಿ ಎಂದರು.

ಅಷ್ಟರಲ್ಲಿ ಮೇಘಶ್ರೀ ಫೋನ್ ಮಾಡಿದಳು. “ಏನಾಯ್ತು ರೀ? ಖಾಯಂ ಆಯ್ತಾ?”

ಕೈಲಾಸ್ ಮೂಲೆಯ ಬೆಂಚಿನ ಕಡೆ ನೋಡಿದ.

“ಆಯ್ತು ಕಣೇ,” ಎಂದ. “ಇನ್ಮೇಲೆ ಯಾರೂ ಅಲ್ಲಾಡಿಸೋ ಹಾಗಿಲ್ಲ.”

ಅತ್ತ ಅವಳು ಬೋರಣ್ಣನವರನ್ನು ಕೂಗಿ ಸುದ್ದಿ ಹೇಳುತ್ತಿದ್ದಳು. ಇತ್ತ ದಿನೇಶ್, ಹೇಗೂ ಖಾಲಿ ಆಯಿತಲ್ಲ ಎಂದು, ತಿರುಗುವ ಕುರ್ಚಿಯನ್ನು ತನ್ನ ರೂಮಿಗೆ ತಳ್ಳಿಕೊಂಡು ಹೋಗುತ್ತಿದ್ದ.