ಮೌನದ ಮಹತ್ವಕ್ಕೆ ಒಂಬತ್ತು ಅಭಿಪ್ರಾಯ

ಗ್ರಂಥಾಲಯದ ಜಾಲತಾಣ ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನಂತೆ ತೆಪ್ಪಗಿತ್ತು. ಬಂದವರು ಓದಿ ಹೋಗುತ್ತಿದ್ದರು, ಮರುಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ. ಗ್ರಂಥಾಲಯದ ಮುಖ್ಯಸ್ಥರಾದ ಸಾಹೇಬರು ‘ಮೌನದ ಮಹತ್ವ’ ಎಂಬ ಲೇಖನ ಬರೆದು ಅದರಲ್ಲಿ ಹಾಕಿಸಿದರು ನೋಡಿ, ತೊಂದರೆ ಶುರುವಾಯಿತು.

“ಓದಿದವರು ಏನಂತಾರೆ ಅಂತ ಗೊತ್ತಾಗೋದು ಬೇಡ್ವೇನ್ರೀ? ಕೆಳಗೊಂದು ಅಭಿಪ್ರಾಯದ ಪೆಟ್ಟಿಗೆ ಜೋಡಿಸಿ. ಸಂಜೆ ಐದಕ್ಕೆ ಬಂದು ತೋರಿಸಿ. ನಿಮ್ಮ ಕೆಲಸ ಖಾಯಂ ಮಾಡೋ ಫೈಲೂ ಇಲ್ಲೇ ಇದೆ,” ಎಂದರು.

ಕಂಪ್ಯೂಟರ್ ಗುಮಾಸ್ತ ಎದ್ದೆನೋ ಬಿದ್ದೆನೋ ಎಂದು ಓಡಿಬಂದು ಕೂತ. ಮೂರು ವರ್ಷದಿಂದ ತಾತ್ಕಾಲಿಕ. ಇವತ್ತೊಂದು ಸಹಿ ಬಿದ್ದರೆ ಸಾಕಿತ್ತು. ಹನ್ನೊಂದಕ್ಕೆಲ್ಲ ಪೆಟ್ಟಿಗೆ ಸಿದ್ಧವಾಯಿತು. ಹನ್ನೆರಡಾಯಿತು, ಒಂದಾಯಿತು, ಒಂದು ನರಪಿಳ್ಳೆಯೂ ಅತ್ತ ತಲೆಹಾಕಲಿಲ್ಲ. ತಂದ ಬುತ್ತಿಯನ್ನೂ ಬಿಚ್ಚದೆ ಅವನು ಪರದೆಯನ್ನೇ ನೋಡುತ್ತ ಕೂತ.

“ಯಾಕೋ ಒದ್ದಾಡ್ತೀಯ?” ಟೈಪಿಸ್ಟ್ ಅಕ್ಕ ನಕ್ಕಳು. “ಓದಿದವರೆಲ್ಲ ಲೇಖನಾನ ಚಾಚೂ ತಪ್ಪದೆ ಪಾಲಿಸ್ತಿದ್ದಾರೆ, ಅಷ್ಟೆ!”

“ನಿಮಗೆ ನಗು ಅಕ್ಕಾ, ನನಗಿಲ್ಲಿ ಪ್ರಾಣಸಂಕಟ!”

ಎರಡೂವರೆಗೆ ಪವಾಡವೇ ನಡೆಯಿತು. ‘ಅದ್ಭುತ!’ ‘ಕಣ್ಣು ತೆರೆಸಿದ ಲೇಖನ!’ ‘ಇಂಥವರು ಸಿಕ್ಕಿದ್ದು ನಮ್ಮ ಪುಣ್ಯ!’ ಹತ್ತೇ ನಿಮಿಷದಲ್ಲಿ ಒಂಬತ್ತು ಹೆಸರಿನ ಒಂಬತ್ತು ಹೊಗಳಿಕೆ. ಗುಮಾಸ್ತ ಕೂತಲ್ಲೇ ಕುಣಿದ.

ಪುಸ್ತಕ ಬೈಂಡು ಮಾಡುವ ಅಣ್ಣ ಅಂಟಿನ ಕೈ ಒರೆಸಿಕೊಳ್ಳುತ್ತ ಬಗ್ಗಿ ನೋಡಿದ. “ಇದೇನೋ, ಎಲ್ಲದರ ಪಕ್ಕ ಹದಿನಾಲ್ಕು ಅಂತಿದೆ?”

ಗುಮಾಸ್ತ ಕುರ್ಚಿ ಎಳೆದುಕೊಂಡು ಪರದೆಗೆ ಮುಖ ತಂದ. ಆಫೀಸಿನ ಒಂದೊಂದು ಕಂಪ್ಯೂಟರಿಗೂ ಒಂದೊಂದು ನಂಬರಿತ್ತು, ಅಲ್ಲಿಂದ ಬರೆದರೆ ಪಕ್ಕದಲ್ಲಿ ಅದೇ ಬೀಳುತ್ತಿತ್ತು.

“ಅಯ್ಯೋ! ಒಳಗಿನವರೇ ಯಾರೋ ಬರೀತಿದ್ದಾರೆ ಅಣ್ಣಾ!”

“ಹಾಗಾದ್ರೆ ಯಾರೋ ಒಬ್ಬರೇ ಒಂಬತ್ತು ಹೆಸರಲ್ಲಿ ಹೊಗಳಿ ಸಾಹೇಬರನ್ನ ಗೇಲಿ ಮಾಡ್ತಿದ್ದಾರೆ. ಅವರಿಗೆ ಗೊತ್ತಾದ್ರೆ ಮೊದಲು ಹಿಡಿಯೋದು ನಿನ್ನ ಕುತ್ತಿಗೇನೇ!”

ಮೇಜು ಮೇಜಿಗೆ ಹೋಗಿ ಹದಿನಾಲ್ಕನ್ನು ಹುಡುಕುವಷ್ಟು ಧೈರ್ಯ ಅವನಿಗೆಲ್ಲಿ? ಒಂಬತ್ತನ್ನೂ ಅಳಿಸಿದ. ಹದಿನಾಲ್ಕು ಇನ್ನು ಅಭಿಪ್ರಾಯ ಬರೆಯದಂತೆ ತಡೆಯನ್ನೂ ಹಾಕಿದ.

ಐದಕ್ಕೆ ಸಾಹೇಬರ ಎದುರು ಹೋಗಿ ನಿಂತ. ಅವರು ಪೆನ್ನಿನ ಮುಚ್ಚಳ ತೆಗೆದು, ಫೈಲು ಬಿಚ್ಚಿ, ನಗುತ್ತಲೇ ಕೇಳಿದರು. “ಎಷ್ಟು ಬಂದಿವೆ?”

“ಒಂದೂ ಇಲ್ಲ ಸಾರ್. ಯಾವನೋ ಮಾಡೋಕೆ ಕೆಲಸ ಇಲ್ಲದವನು ಒಂಬತ್ತು ಹೆಸರಲ್ಲಿ ನಿಮ್ಮನ್ನ ಸುಳ್ಳುಸುಳ್ಳೇ ಹೊಗಳಿದ್ದ. ಎಲ್ಲಾ ಅಳಿಸಿಬಿಟ್ಟೆ. ಅವನ ಮೆಷಿನ್ನಿಗೂ ಬೀಗ ಜಡಿದೆ ಸಾರ್!”

ಸಾಹೇಬರ ಕಿವಿ ಕೆಂಪಗಾಯಿತು. ಭೇಷ್ ಎನ್ನಬಹುದೆಂದು ಕಾದ ಗುಮಾಸ್ತ ಮೆಲ್ಲಗೆ ತಲೆ ತಗ್ಗಿಸಿದ. ಸಾಹೇಬರ ಕಂಪ್ಯೂಟರಿನ ಬೆನ್ನು ಅವನ ಕಡೆಗೇ ಇತ್ತು. ಅದಕ್ಕೊಂದು ಹಳದಿ ಚೀಟಿ ಅಂಟಿಸಿತ್ತು. ಹದಿನಾಲ್ಕು.

ಪೆನ್ನಿಗೆ ಮುಚ್ಚಳ ಬಿತ್ತು. ಫೈಲು ಡ್ರಾಯರು ಸೇರಿತು.

“ಭೇಷ್! ಇಷ್ಟು ಚುರುಕಾದವರನ್ನ ಅವಸರದಲ್ಲಿ ಖಾಯಂ ಮಾಡಬಾರದು. ಇನ್ನೊಂದು ವರ್ಷ ನೋಡೋಣ,” ಎಂದರು ಸಾಹೇಬರು. “ಇದಕ್ಕೆ ನಿಮ್ಮ ಅಭಿಪ್ರಾಯ ಏನಾದ್ರೂ ಇದೆಯೇನ್ರೀ?”

ಗುಮಾಸ್ತ ತುಟಿ ಪಿಟಕ್ಕೆನ್ನಲಿಲ್ಲ.